ಗಾಡಿಗಿಂತ ಮುಂಚೆ ಹೋದ ಪ್ರಕಟಣೆ

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ. ಪ್ರಚಾರ ಬರವಣಿಗೆ ಕಲಿತವಳಿಗೆ ಇದು ಒಳ್ಳೆಯ ಲಕ್ಷಣವಲ್ಲ, ಗೊತ್ತು. ಗೊತ್ತಿಲ್ಲದವರ ಜೊತೆ ಮಾತಾಡುವುದೇ ನಮ್ಮ ಕಸುಬು. ಆದರೂ ಎರಡು ರಿಂಗ್ ಆಗುವವರೆಗೆ ಸುಮ್ಮನೆ ನೋಡುತ್ತಿರುತ್ತೇನೆ, ಮೂರನೆಯದಕ್ಕೆ ಎತ್ತುತ್ತೇನೆ. ಇದು ಶುರುವಾದದ್ದು ಒಂದೇ ಒಂದು ದಿನದ ಕೆಲಸದಿಂದ. ಆ ದಿನ ನಾನು ಯಾರ ಬಗ್ಗೆ ಬರೆದೆನೋ ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕಾಗಿದೆ.

ಡಿಪ್ಲೊಮಾದ ಎರಡನೇ ಸೆಮಿಸ್ಟರಿನಲ್ಲಿ ನಮಗೊಂದು ಕೆಲಸ ಕೊಟ್ಟಿದ್ದರು. ಒಬ್ಬೊಬ್ಬರೂ ಒಂದೊಂದು ಸಣ್ಣ ಸಂಘವನ್ನು ಹಿಡಿದು ಮೂರು ತಿಂಗಳು ಅದರ ಪ್ರಚಾರ ನೋಡಿಕೊಳ್ಳಬೇಕು, ಒಂದಾದರೂ ಪ್ರಕಟಣೆ ಪತ್ರಿಕೆಯಲ್ಲಿ ಬರುವಂತೆ ಮಾಡಬೇಕು. ಚುರುಕಾದವರು ಮೊದಲೇ ಒಳ್ಳೊಳ್ಳೆಯದನ್ನು ಆರಿಸಿಕೊಂಡರು. ಹಲಸೂರು ಕೆರೆಯ ಸುತ್ತ ಬೆಳಿಗ್ಗೆ ನಡೆಯುವವರ ಬಳಗ ಒಬ್ಬನಿಗೆ, ಇಂದಿರಾನಗರದ ಬೀದಿನಾಯಿಗಳಿಗೆ ಅನ್ನ ಹಾಕುವವರು ಒಬ್ಬಳಿಗೆ, ಶಿವಾಜಿನಗರದ ರಕ್ತದಾನಿಗಳು ಇನ್ನೊಬ್ಬನಿಗೆ. ನಾನು ಆ ದಿನ ಬಸ್ಸು ತಪ್ಪಿಸಿಕೊಂಡು ತಡವಾಗಿ ಹೋದೆ. ಪಟ್ಟಿಯಲ್ಲಿ ಉಳಿದಿದ್ದದ್ದು ಒಂದೇ: ಕೆ.ಆರ್. ಪುರದ ಬಾಡಿಗೆ ಕೋಣೆಗಳಲ್ಲಿರುವ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಸಂಘ. ಅವರಲ್ಲಿ ಯಾರಾದರೂ ಇಲ್ಲಿ ತೀರಿಕೊಂಡರೆ ಹೆಣವನ್ನು ಊರಿಗೆ ಮುಟ್ಟಿಸುವುದೇ ಆ ಸಂಘದ ಕೆಲಸ. ಬೇರೆ ಯಾವುದಾದರೂ ಉಳಿದಿದೆಯೇ ಎಂದು ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದೆ. ನಾನು ಜೀವನ್ ಬಿಮಾ ನಗರದಲ್ಲಿ ಹುಟ್ಟಿ ಬೆಳೆದವಳು, ತಾತನ ಹೆಣವನ್ನೂ ಬಾಗಿಲ ಹಿಂದೆ ನಿಂತು ನೋಡಿದವಳು.

ಸಂಘದ ಹಿರಿಯ ಒಬ್ಬ ಮೇಸ್ತ್ರಿ. ಐವತ್ತರ ಆಸುಪಾಸು, ಸಿಮೆಂಟಿಗೆ ಬೆರಳ ತುದಿ ಸವೆದ ಮನುಷ್ಯ. ಅವರಿಗೆ ಬೇಕಿದ್ದದ್ದು ಇಷ್ಟೇ: ತಮ್ಮ ಫೋನ್ ನಂಬರು ನಾಲ್ಕು ಜನಕ್ಕೆ ಗೊತ್ತಾಗಬೇಕು. “ನಮ್ಮ ಮಂದಿ ದವಾಖಾನಿ ಮುಂದ ಹೆಣ ಇಟ್ಕೊಂಡು ಯಾರಿಗಿ ಕೇಳಬೇಕು ತಿಳೀದೆ ಕುಂದರ್ತಾರ ತಂಗಿ. ಅದು ಆಗಬಾರದು ನೋಡ್ರಿ,” ಎಂದರು. ನಾನು ಕಾಲೇಜಿನಲ್ಲಿ ಕೊಟ್ಟ ಪ್ರಶ್ನಾವಳಿ ತೆಗೆದು ಕೇಳುತ್ತಾ ಹೋದೆ. ಯಾವಾಗ ಶುರುವಾಯಿತು, ಯಾರ್‍ಯಾರು ಇದ್ದೀರಿ, ಕಾಗದಪತ್ರ ಯಾರು ನೋಡುತ್ತೀರಿ, ಗಾಡಿ ಎಲ್ಲಿಂದ ತರುತ್ತೀರಿ. ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಊರಿಗೆ ಸುದ್ದಿ ಹೇಗೆ ಮುಟ್ಟಿಸುತ್ತೀರಿ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲು ಬರೆದ ಮೂರು ಕರಡುಗಳನ್ನು ನಮ್ಮ ಮೇಡಂ ತಿರುಗಿಸಿ ಕಳಿಸಿದರು. ಮೇಡಂ ಎಂದರೆ ಪತ್ರಿಕೆಯೊಂದರಲ್ಲಿ ವರ್ಷಗಟ್ಟಲೆ ಡೆಸ್ಕಿನಲ್ಲಿ ಕೂತು, ಈಗ ಬೆನ್ಸನ್ ಟೌನಿನ ಹಳೆಯ ಮನೆಯಿಂದ ಕಾಲೇಜಿಗೆ ನಡೆದುಬರುವ ಹೆಂಗಸು. ‘ನಿಸ್ವಾರ್ಥ ಸೇವೆ’, ‘ಮಾನವೀಯತೆಯ ಮೂರ್ತಿ’ ಎಂಬ ಮಾತುಗಳ ಮೇಲೆಲ್ಲ ಕೆಂಪು ಗೀಟು.

“ಇದನ್ನ ಯಾರು ಓದ್ತಾರೆ ಹೇಳು? ಹೊಗಳಿಕೆ ನ್ಯೂಸ್ ಅಲ್ಲ ಕಣೆ. ಒಂದು ಘಟನೆ ತಗೊಂಡ್ ಬಾ. ಯಾರು, ಎಲ್ಲಿಯವರು, ಎಷ್ಟು ಗಂಟೆಗೆ ಹೊರಟ್ರು. ಹೆಸರು, ವಯಸ್ಸು, ಊರು ಇಲ್ದೆ ನನ್ ಹತ್ರ ಬರ್ಬೇಡ.”

ಹಾಗಾಗಿ ನಾನು ಘಟನೆಗಾಗಿ ಕಾದೆ. ಎರಡು ವಾರ, ಮೂರು ವಾರ. ಕ್ಲಾಸಿನಲ್ಲಿ ಎಲ್ಲರದ್ದೂ ಒಂದೊಂದಾಗಿ ಅಚ್ಚಾಗತೊಡಗಿತು. ನಾಯಿಗಳ ಫೋಟೊ ಕೂಡ ಬಂತು. ನಾನು ದಿನಾ ಬೆಳಿಗ್ಗೆ ಫೋನ್ ನೋಡಿಕೊಂಡು, ಇವತ್ತೂ ಏನೂ ಇಲ್ಲವಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಹಲ್ಲುಜ್ಜುತ್ತಿರುವಾಗ, ನಾನು ಕಾಯುತ್ತಿರುವುದು ಒಬ್ಬರು ಸಾಯಲಿ ಎಂದು ಎಂಬುದು ತಟ್ಟನೆ ತಲೆಗೆ ಹೊಕ್ಕಿತು. ಕನ್ನಡಿಯಲ್ಲಿ ನನ್ನ ಮುಖ ನೋಡಲು ಭಯವಾಯಿತು. ಅದರ ಮರುದಿನವೇ ಬೆಳಿಗ್ಗೆ ಐದೂವರೆಗೆ ಮೇಸ್ತ್ರಿಯ ಫೋನ್ ಬಂತು.

“ಒಬ್ಬ ಹುಡುಗ ಹೋಗ್ಯಾನ ತಂಗಿ. ಕಾಮಣಿ ಆಗಿತ್ತು, ಎಂಟು ದಿನದಿಂದ ದವಾಖಾನ್ಯಾಗಿದ್ದ. ನೀವು ಒಂದ್ಸಲ ನೋಡ್ತೀನಿ ಅಂದಿದ್ರಲ್ಲ, ಬರ್ರಿ.”

ನಾನು ಹೋಗುವ ಹೊತ್ತಿಗೆ ಆಸ್ಪತ್ರೆಯ ಕಾಗದಗಳೆಲ್ಲ ಮುಗಿದು ಗಾಡಿ ಕೆ.ಆರ್. ಪುರದ ಅವರ ಕೋಣೆಗಳ ಸಾಲಿನ ಮುಂದೆ ಬಂದು ನಿಂತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಅವನು. ಇಪ್ಪತ್ತಮೂರು ವರ್ಷ, ಸೆಂಟ್ರಿಂಗ್ ಕೆಲಸ. ಕಾಮಾಲೆಗೆ ಮುಖ ಅರಿಶಿನ ಬಳಿದ ಹಾಗೆ ಹಳದಿ. ನಾನು ಒಂದು ಸಲ ನೋಡಿ ಕಣ್ಣು ಕಿತ್ತುಕೊಂಡೆ, ಆಮೇಲೆ ನೋಟ್‌ಬುಕ್ಕಿನಿಂದ ತಲೆ ಎತ್ತಲೇ ಇಲ್ಲ. ಬರೆಯುತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ಆವತ್ತು ಗೊತ್ತಾಯಿತು. ಹೆಸರು, ವಯಸ್ಸು, ಊರು, ತಾಲ್ಲೂಕು. ತಂದೆ ಇಲ್ಲ, ಊರಿನಲ್ಲಿ ತಾಯಿ ಒಬ್ಬಳೇ. ಗಾಡಿ ಹೊರಟದ್ದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಸಂಜೆ ಆರರ ಹೊತ್ತಿಗೆ ಊರು ಮುಟ್ಟುತ್ತದೆ. ಜೊತೆಯಲ್ಲಿ ಹೋಗುವವರು ಮೇಸ್ತ್ರಿ ಮತ್ತು ಇನ್ನಿಬ್ಬರು.

ಹೊರಡುವ ಮುನ್ನ ಮೇಸ್ತ್ರಿ ನನಗೊಂದು ಚಹಾ ಕೊಡಿಸಿದರು. ಹೋಟೆಲಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದದ್ದು. ಸಾಲಿನ ಹನ್ನೆರಡು ಕೋಣೆಗಳಲ್ಲಿ ಎಲ್ಲೂ ಸ್ಟೋವ್ ಸದ್ದಿಲ್ಲ, ರೊಟ್ಟಿ ಬಡಿಯುವ ಸದ್ದಿಲ್ಲ.

“ಇವತ್ತ ಈ ಸಾಲಿನ್ಯಾಗ ಯಾರೂ ಒಲಿ ಹಚ್ಚಂಗಿಲ್ರಿ. ಹೆಣದ ಮನಿ. ಅಲ್ಲಿ ಮಣ್ಣಾದಮ್ಯಾಗೇ ಇಲ್ಲಿ ಒಲಿ,” ಎಂದರು ಮೇಸ್ತ್ರಿ. ಆಮೇಲೆ ಗಾಡಿ ಹತ್ತುತ್ತಾ, “ಛಲೋ ಬರೀರಿ ತಂಗಿ. ಮಂದಿಗಿ ಗೊತ್ತಾಗ್ಲಿ,” ಎಂದರು.

ನಾನು ಮೆಟ್ರೊ ನಿಲ್ದಾಣದ ಹತ್ತಿರದ ಬೇಕರಿಯಲ್ಲಿ ಕೂತು ಒಂದು ಗಂಟೆಯಲ್ಲಿ ಬರೆದು ಮುಗಿಸಿದೆ. ತಲೆಬರಹದಲ್ಲಿ ಸಂಘ, ಮೊದಲ ವಾಕ್ಯದಲ್ಲಿ ಹುಡುಗನ ಹೆಸರು, ವಯಸ್ಸು, ಊರು, ಎರಡನೆಯದರಲ್ಲಿ ಗಾಡಿ ಹೊರಟ ಹೊತ್ತು, ನಡುವೆ ಮೇಸ್ತ್ರಿಯ ಎರಡು ಮಾತು, ಕೊನೆಗೆ ‘ಸಂಪರ್ಕಕ್ಕೆ’ ಎಂದು ಮೇಸ್ತ್ರಿಯ ನಂಬರು. ಅವರು ಪ್ರಯಾಣದಲ್ಲಿರುತ್ತಾರಲ್ಲ ಎಂದು ಅದರ ಕೆಳಗೆ ನನ್ನದನ್ನೂ ಹಾಕಿದೆ. ಮೇಡಂಗೆ ಕಳಿಸಿದೆ. ಹತ್ತೇ ನಿಮಿಷಕ್ಕೆ ಉತ್ತರ ಬಂತು: “ಈಗ ಇದು ನ್ಯೂಸ್. ಕಳ್ಸು.” ಮೂರು ತಿಂಗಳಲ್ಲಿ ಆಕೆ ಕೆಂಪು ಗೀಟು ಹಾಕದೆ ಬಿಟ್ಟದ್ದು ಅದೊಂದನ್ನೇ. ನನಗೆ ರೆಕ್ಕೆ ಬಂದಂತಾಯಿತು. ಐದು ಪತ್ರಿಕೆಗಳ ಡೆಸ್ಕಿಗೆ ಇ-ಮೇಲ್ ಮಾಡಿದೆ. ಮೇಸ್ತ್ರಿ ಹಿಂದಿನ ತಿಂಗಳು ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಅವರ ಜಿಲ್ಲೆಯಿಂದ ಬೆಂಗಳೂರಿಗೆ ಬಂದವರದ್ದು. ಅದಕ್ಕೂ ಹಾಕಿದೆ. ಆಮೇಲೆ ಒಂದು ಬೆಣ್ಣೆ ಬಿಸ್ಕತ್ತು ತಗೊಂಡು ತಿಂದೆ. ಅದರ ರುಚಿ ಈಗಲೂ ನೆನಪಿದೆ, ಅದಕ್ಕೇ ನಾಚಿಕೆ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮೇಸ್ತ್ರಿಯ ಫೋನ್ ಬಂತು. ಗಾಡಿ ಪೆನುಕೊಂಡ ದಾಟಿತ್ತು. ಹಿಂದೆ ಲಾರಿಗಳ ಸದ್ದು.

“ತಂಗಿ, ಗ್ರೂಪಿನ್ಯಾಗ ಏನ್ ಹಾಕಿದ್ರಿ? ಆಕಿಗಿ ಇನ್ನಾ ಹೇಳಿಲ್ರಿ!”

“ಯಾರಿಗೆ?”

“ಅವನ ಅವ್ವಗ! ಕಾಮಣಿ ಆಗ್ಯಾದ, ಊರ ಔಷಧ ಹಾಕಿಸ್ಬೇಕು, ಕರಕೊಂಡು ಬರಲಕತ್ತೀವಿ ಅಂತ ಹೇಳೀವಿ. ನಾವು ಯಾರಿಗೂ ಫೋನಿನ್ಯಾಗ ಸತ್ತಾನ ಅಂತ ಹೇಳಂಗಿಲ್ರಿ. ಒಬ್ಬಾಕಿನೇ ಮನ್ಯಾಗ ಕುಂತು ಕೇಳಿದ್ರ ಎದಿ ಒಡ್ಕೊಂಡು ಸಾಯ್ತಾಳ. ಗಾಡಿ ಹೋಗಿ ನಿಂತು, ನಾಕು ಮಂದಿ ಹಿಡ್ಕೊಂಡಮ್ಯಾಗೇ ಹೇಳೋದು.”

“ನೀವೇ ಬರೀ ಅಂದ್ರಲ್ಲ...” ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

“ಪೇಪರ್ ಅಂದ್ರ ನಾಳಿ ಬರ್ತದ ಅಂತ ತಿಳಕೊಂಡಿದ್ದೆನಲ್ರೀ,” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆ ಇತ್ತು. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಕಂಡಿಲ್ಲದ ಒಬ್ಬ ಹೆಂಗಸು ಮಗನ ದಾರಿ ಕಾಯುತ್ತಾ ಕೂತಿದ್ದಾಳೆ, ನನ್ನ ಚೊಕ್ಕಟವಾದ ಮೊದಲ ವಾಕ್ಯ ಅವಳ ಕಡೆಗೆ ಗಾಡಿಗಿಂತ ಜೋರಾಗಿ ಓಡುತ್ತಿದೆ. ಸಂಜೆ ಆರಕ್ಕೆ ಇನ್ನೂ ಏಳು ಗಂಟೆ ಇತ್ತು.

ವಾಟ್ಸಾಪಿನಲ್ಲಿ ಹಾಕಿದ್ದನ್ನು ಎಲ್ಲರಿಂದಲೂ ಅಳಿಸಿದೆ. ಅಷ್ಟರಲ್ಲಿ ಅದು ಮುಂದಕ್ಕೆ ಹೋಗಿತ್ತು. ಡೆಸ್ಕುಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ನಾಲ್ಕು ಕಡೆ ಇನ್ನೂ ಯಾರೂ ನೋಡಿರಲಿಲ್ಲ. ಐದನೆಯವರು, “ವೆಬ್‌ಸೈಟಿಗೆ ಆಗ್ಲೇ ಹೋಗಿದೆ ಮೇಡಂ. ಬಾಯಲ್ಲಿ ಹೇಳಿದ್ರೆ ತೆಗೆಯೋಕಾಗಲ್ಲ, ಕಾರಣ ಬರೆದು ಮೇಲ್ ಹಾಕಿ,” ಎಂದರು. ನಿಂತಲ್ಲೇ ಬರೆದೆ. ವಿಷಯ: ಪ್ರಕಟಣೆ ತಡೆಹಿಡಿಯಲು ತುರ್ತು ಕೋರಿಕೆ. ಕಾರಣ: ಮೃತನ ತಾಯಿಗೆ ಇನ್ನೂ ತಿಳಿಸಿಲ್ಲ. ಆ ಸಾಲನ್ನು ಎರಡು ಸಲ ತಪ್ಪು ಟೈಪ್ ಮಾಡಿದೆ. ಹನ್ನೆರಡೂ ಕಾಲಿಗೆ ತೆಗೆದರು. ಅಲ್ಲಿಯವರೆಗೆ ಆ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಾ ಬೇಕರಿಯ ಮೆಟ್ಟಿಲ ಮೇಲೆ ಕೂತಿದ್ದೆ.

ಮೇಸ್ತ್ರಿ ಮತ್ತೆ ಫೋನ್ ಮಾಡಿದರು. “ಒಂದು ಕೆಲಸ ಮಾಡ್ರಿ. ಅದು ಸುಳ್ಳು ಸುದ್ದಿ, ಹುಡುಗ ಆರಾಮ ಅದಾನ ಅಂತ ಇನ್ನೊಂದು ಬರೆದು ಬಿಡ್ರಿ. ಮುಗೀತು.”

ಬರೆಯಲು ಎರಡು ನಿಮಿಷ ಸಾಕಾಗಿತ್ತು. ನಿಜ ಹೇಳಬೇಕೆಂದರೆ ಬರೆದೂಬಿಟ್ಟಿದ್ದೆ. ಕಳಿಸುವ ಮುಂಚೆ ಮೇಡಂಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿ, ಬರೆದದ್ದನ್ನು ಓದಿದೆ. 

“ನನ್ ತಪ್ಪೂ ಇದೆ ಇದ್ರಲ್ಲಿ. ಮನೆಯವರಿಗೆ ಗೊತ್ತಾ ಅಂತ ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ,” ಎಂದರು. “ಆದ್ರೆ ಆ ಎರಡ್ನೇದು ಕಳಿಸ್ಬೇಡ. ಸತ್ತೋನು ಬದುಕಿದಾನೆ ಅಂತ ಸಂಘದ ಹೆಸರಲ್ಲಿ ಒಂದ್ಸಲ ಹೋದ್ರೆ, ನಾಳೆ ಅವ್ರ ಮಾತನ್ನ ಆಸ್ಪತ್ರೆಯವ್ರೂ ನಂಬಲ್ಲ, ಊರವ್ರೂ ನಂಬಲ್ಲ. ಮತ್ತೆ, ಆ ತಾಯಿ ಅದನ್ನ ನಂಬಿಬಿಟ್ರೆ? ಸಂಜೆ ಗಾಡಿ ಬಂದಾಗ?”

ಬರೆದದ್ದನ್ನು ಅಳಿಸಿದೆ. ಉಳಿದದ್ದು ಒಂದೇ ದಾರಿ. ಗುಂಪಿನಲ್ಲಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಯಾರಿಗೆ ಕಳಿಸಿದಿರಿ ಎಂದು ಕೇಳಿ, ಅವರ ನಂಬರು ತೆಗೆದುಕೊಂಡು, ಅವರನ್ನು ಕೇಳುವುದು. ಮೊದಲು ಬೇಕರಿಯ ಮೆಟ್ಟಿಲ ಮೇಲೆ, ಆಮೇಲೆ ಮೆಟ್ರೊದಲ್ಲಿ ನಿಂತುಕೊಂಡೇ ಮಾಡಿದೆ. ಎದುರು ಕೂತವರು ನನ್ನನ್ನು ಸಾಲ ವಸೂಲಿಯವಳು ಅಂದುಕೊಂಡಿರಬೇಕು. ಕಲ್ಯಾಣ ನಗರದಲ್ಲಿ ಟೈಲ್ಸ್ ಹಾಕುವ ಒಬ್ಬರು ಕಲಬುರಗಿಯ ಷಡ್ಡಕನಿಗೆ ಕಳಿಸಿದ್ದರು. ಆ ಷಡ್ಡಕ ಹುಡುಗನ ಊರಿನ ಹಿಟ್ಟಿನ ಗಿರಣಿಯವನಿಗೆ ಕಳಿಸಿದ್ದ. ಅಲ್ಲಿಗೆ ದಾರಿ ಮುಗಿಯಿತು. ಗಿರಣಿಯವನು ಫೋನ್ ಎತ್ತಿದಾಗ ಯಂತ್ರದ ಸದ್ದಿರಲಿಲ್ಲ.

“ಗಿರಣಿ ಬಂದ್ ಮಾಡೀನ್ರಿ. ಊರಿಗೆಲ್ಲ ಗೊತ್ತಾಗ್ಯಾದ, ಆಕಿಗೊಬ್ಬಾಕಿಗೇ ಗೊತ್ತಿಲ್ಲ,” ಎಂದ. “ನಾಕು ಹೆಣ್ಮಕ್ಕಳು ಹೋಗಿ ಆಕಿ ಕಟ್ಟಿಮ್ಯಾಗ ಕುಂತಾರ. ಕಡ್ಲಿ ಬೆಳಿ ಹೆಂಗದ, ಅವರಿವರ ಸೊಸಿ ಹೆಂಗದಾಳ ಅಂತ ಮಾತಾಡಲಕತ್ತಾರ. ನೀವು ಅಂಜಬ್ಯಾಡ್ರಿ. ಸಂಜಿ ತನಕ ನಾವು ಬಾಯಿ ಬಿಡಂಗಿಲ್ಲ.”

ಒಂದು ಊರಿಗೆ ಊರೇ ನನ್ನ ತಪ್ಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತಿತ್ತು. ನನಗೆ ಸ್ವಲ್ಪ ಉಸಿರು ಬಂತು. ಇಂದಿರಾನಗರದಲ್ಲಿ ಇಳಿದು ಮನೆಗೆ ನಡೆದೆ. ಅರ್ಧ ದಾರಿಯಲ್ಲಿ ನೆನಪಾಯಿತು: ಆ ಪ್ರಕಟಣೆಯ ಕೊನೆಯಲ್ಲಿ ನನ್ನ ನಂಬರಿದೆ. ಅಲ್ಲಿಂದಾಚೆಗೆ ಫೋನ್ ಅಲುಗಿದರೆ ಸಾಕು, ನಡಿಗೆ ನಿಲ್ಲಿಸಿ ನಂಬರು ನೋಡುತ್ತಿದ್ದೆ. ಎರಡು ಸಲ ಯಾವುದೋ ಕಂಪನಿಯವರು ಸಾಲ ಬೇಕೇ ಎಂದು ಕೇಳಿದರು. ಅವರಿಗೆ ನಾನು ಥ್ಯಾಂಕ್ಸ್ ಎಂದೆ, ಮನಸಾರೆ.

ಎರಡೂವರೆ ದಾಟಿತ್ತು. ಅಡುಗೆಮನೆಯಲ್ಲಿ ನಿಂತಿದ್ದೆ, ಅಮ್ಮ ಕುಕ್ಕರ್ ಇಟ್ಟಿದ್ದಳು. ಗೊತ್ತಿಲ್ಲದ ನಂಬರು. ಎರಡು ರಿಂಗ್ ನೋಡಿದೆ.

“ಪೇಪರದಾಕಿ ಏನವ್ವಾ?” ವಯಸ್ಸಾದ ಹೆಂಗಸಿನ ದನಿ, ತೀರಾ ಮೆಲ್ಲಗೆ.

ಯಾರು ಎಂದು ಕೇಳಬೇಕಿರಲಿಲ್ಲ. ಕುಕ್ಕರ್ ಕೂಗಿತು. ಅಮ್ಮ ನನ್ನ ಮುಖ ನೋಡಿ ಏನೂ ಕೇಳದೆ ಗ್ಯಾಸ್ ಆರಿಸಿದಳು.

“ಹೌದಮ್ಮ,” ಎಂದೆ.

“ನನ್ನ ಮಗನ ಹೆಸರು ಫೋನಿನ್ಯಾಗ ಬಂದಾದಂತ. ಪಕ್ಕದ ಮನಿ ಸೊಸಿ ಬಾಯಿ ತಪ್ಪಿ ಅಂದಳು. ಏನಂತ ಬಂದಾದ ಅಂತ ಕೇಳಿದ್ರ ಆಕಿ ಬಾಯೇ ಬಿಡವಲ್ಲಳು. ನಿನ್ನ ನಂಬರ ಹಚ್ಚಿ ಕೊಟ್ಟು ಹೊರಗ ಹೋಗಿ ನಿಂತಾಳ.”

ಸುಳ್ಳು ಹೇಳುವುದು ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಅದನ್ನೇ ಕೇಳಿದ್ದೆ: ಕಾಮಣಿ, ಊರ ಔಷಧ, ಕರಕೊಂಡು ಬರುತ್ತಿದ್ದೇವೆ. ಮೇಸ್ತ್ರಿಯ ಮಾತು ಕಿವಿಯಲ್ಲೇ ಇತ್ತು, ಒಬ್ಬಳೇ ಕೇಳಿದರೆ ಎದೆ ಒಡೆದುಕೊಂಡು ಸಾಯುತ್ತಾಳೆ ಎಂದದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮತ್ತೆ ಮಾತಾಡಿದಳು.

“ನೀ ಏನೂ ಹೇಳಬ್ಯಾಡವ್ವಾ. ಒಂದೇ ಕೇಳ್ತೀನಿ. ಕಾಮಣಿ ಆದವ್ರಿಗಿ ಉಪ್ಪಿಲ್ದ ಗಂಜಿ ಕೊಡ್ತಾರ. ಅವ ಸಂಜಿಗಿ ಬರ್ತಾನಂತ. ಗಂಜಿ ಕಾಸಿ ಇಡಬೇಕಂತ ಮಾಡೀನಿ. ಒಲಿ ಹಚ್ಚಲೇನು, ಬ್ಯಾಡೇನು?”

ಬೆಳಿಗ್ಗೆ ಆ ಹನ್ನೆರಡು ಕೋಣೆಗಳ ಸಾಲನ್ನು ನೋಡಿರದಿದ್ದರೆ, ಹಚ್ಚಿ ಅಮ್ಮ, ಕಾಸಿಡಿ ಎಂದುಬಿಡುತ್ತಿದ್ದೆ. ಎಷ್ಟು ಸುಲಭದ ಮಾತು. ಅವಳು ಒಲೆ ಹಚ್ಚುತ್ತಾಳೆ, ಗಂಜಿ ಕುದಿಯುತ್ತದೆ, ಬಾಗಿಲಿಗೆ ಗಾಡಿ ಬರುತ್ತದೆ. ಮಗನ ಹೆಣ ಬರುವ ಮನೆಯಲ್ಲಿ ಒಲೆ ಉರಿಸಿದೆನಲ್ಲ ಎಂದು ಅವಳು ಬದುಕಿರುವವರೆಗೆ ನೆನೆಯುತ್ತಾಳೆ. ಅವಳು ಕೇಳುತ್ತಿರುವುದು ಗಂಜಿಯ ಮಾತಲ್ಲ. ಇಡೀ ಊರು ಹೇಳದ್ದನ್ನು ಗುರುತಿಲ್ಲದವಳಿಂದ ಕೇಳಲು, ಅವಳು ಹೇಳುವವಳಿಗೂ ಭಾರವಾಗದಂಥ ಪ್ರಶ್ನೆಯೊಂದನ್ನು ಹುಡುಕಿಕೊಂಡು ಬಂದಿದ್ದಳು.  

“ಬೇಡಮ್ಮ,” ಎಂದೆ. “ಒಲೆ ಹಚ್ಬೇಡಿ.”

 ಆ ಕಡೆ ಅಳುವ ಸದ್ದಿಲ್ಲ, ಬಿದ್ದ ಸದ್ದಿಲ್ಲ. ಎಷ್ಟೋ ಹೊತ್ತಿನ ಮೇಲೆ ಉಸಿರೆಳೆದುಕೊಂಡ ಸದ್ದು ಬಂತು. ಬದುಕಿದ್ದಾಳೆ ಎಂದು ನನಗೆ ಅಷ್ಟೇ ಸಾಕಾಯಿತು.

“ಅಮ್ಮ, ಪಕ್ಕದ ಮನೆಯವ್ರನ್ನ ಒಳಗೆ ಕರೀರಿ. ಒಬ್ರೇ ಇರ್ಬೇಡಿ,” ಎಂದೆ.

“ಅದಾಳವ್ವಾ, ಬಾಗಲದಾಗೇ ಅದಾಳ.” ದನಿ ಒಡೆದಿತ್ತು, ಆದರೆ ಮಾತು ನಿಂತಿರಲಿಲ್ಲ. “ನನಗ ಗೊತ್ತಾಗ್ಯಾದಂತ ಯಾರಿಗೂ ಹೇಳಬ್ಯಾಡ. ಮೇಸ್ತ್ರಿಗೂ ಹೇಳಬ್ಯಾಡ. ಮುಂಜಾನಿಂದ ಮಂದಿ ಪಾಪ ನನ್ನ ಮುಂದ ನಕ್ಕೋಂತ ಕುಂತಾರ. ಅವರಿಗಿ ಭಾಳ ತ್ರಾಸ ಆಗ್ಯಾದ.”

ಫೋನ್ ಇಟ್ಟಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಮ್ಮ ಪಕ್ಕದಲ್ಲಿ ಬಂದು ಕೂತಳು. ಆ ಮಧ್ಯಾಹ್ನ ನಮ್ಮ ಮನೆಯಲ್ಲೂ ಕುಕ್ಕರ್ ಹಾಗೇ ಉಳಿಯಿತು.

ಆಮೇಲಿನ ಮೂರೂವರೆ ಗಂಟೆ ನಾನು ಹೆದರಿದಷ್ಟು ಯಾವತ್ತೂ ಹೆದರಿಲ್ಲ. ಗೊತ್ತಾದ ಮೇಲೂ ಗೊತ್ತಿಲ್ಲದವಳಂತೆ ಆಕೆ ಕೂತಿರಬೇಕಲ್ಲ, ನಡುವೆ ಏನಾದರೂ ಆಗಿಬಿಟ್ಟರೆ? ಗಿರಣಿಯವನಿಗೆ ಫೋನ್ ಮಾಡೋಣವೆಂದು ನಾಲ್ಕು ಸಲ ನಂಬರು ತೆಗೆದೆ. ಮಾಡಿದರೆ ಆಕೆಯ ಮಾತು ಮೀರಿದಂತಾಗುತ್ತದೆ. ಮಾಡದಿದ್ದರೆ ಒಂದು ಜೀವ ನನ್ನ ತಲೆಯ ಮೇಲೆ. ನಾಲ್ಕು ಸಲವೂ ಫೋನ್ ಕೆಳಗಿಟ್ಟೆ.

ಆರೂಕಾಲಿಗೆ ಮೇಸ್ತ್ರಿಯ ಫೋನ್ ಬಂತು. ಹಿಂದೆ ಹೆಂಗಸರ ಅಳು, ಒಬ್ಬಳದ್ದಲ್ಲ, ಹತ್ತಾರು ಜನರದ್ದು.

“ಮುಟ್ಟಿದೆವು ತಂಗಿ. ನೀವು ಅಂಜಿರ್ತೀರಿ ಅಂತ ಹಚ್ಚಿದೆ. ಆಕಿಗಿ ಕಡೀತನ ಗೊತ್ತೇ ಆಗಿಲ್ಲ ನೋಡ್ರಿ. ಗಾಡಿ ನಿಂತು ನಾವು ಇಳಿದಮ್ಯಾಗೇ ಅತ್ತಳು. ನಾಕು ಮಂದಿ ಹಿಡ್ಕೊಂಡಾರ. ಊರಿನವ್ರು ಛಲೋ ಮುಚ್ಚಿಟ್ಟಿದ್ರು.”

“ಹೌದಾ,” ಎಂದೆ.

“ಮತ್ತ ಒಂದು ಆಶ್ಚರ್ಯ ಕೇಳ್ರಿ. ಮಧ್ಯಾಹ್ನದಿಂದ ಆಕಿ ಒಲಿನೇ ಹಚ್ಚಿಲ್ಲಂತ. ಔಷಧದ ಸೊಪ್ಪು ತಂದಿಟ್ಟು, ಗಂಜಿಗಿ ನುಚ್ಚು ಹಸನ ಮಾಡಿಟ್ಟು, ಹಂಗೇ ಬಿಟ್ಟಾಳ. ತಾಯಿ ಕರಳಿಗಿ ಹ್ಯಾಂಗ ತಿಳೀತದ ನೋಡ್ರಿ!”

ಈಗ ಆ ಸಂಘದ ಪ್ರಕಟಣೆಗಳನ್ನು ನಾನೇ ಬರೆಯುತ್ತೇನೆ. ಹೆಸರು ಹಾಕುವುದಿಲ್ಲ, ಊರು ಹಾಕುವುದಿಲ್ಲ, ಗಾಡಿ ಮುಟ್ಟಿತು ಎಂದು ಮೇಸ್ತ್ರಿ ಹೇಳುವವರೆಗೆ ಕಳಿಸುವುದಿಲ್ಲ. ಹೆಸರು, ಊರು ಇಲ್ಲವೆಂದು ಮೇಡಂ ಈಗ ಕೆಂಪು ಗೀಟು ಹಾಕುವುದಿಲ್ಲ. ಕಾಲೇಜಿಗೆ ಒಪ್ಪಿಸಿದ ವರದಿಯಲ್ಲಿ ಆ ದಿನದ ಪ್ರತಿಯೊಂದು ಕರೆಯನ್ನೂ ಹೊತ್ತು ಸಮೇತ ಬರೆದೆ, ಎರಡೂವರೆಯ ನಂತರದ ಒಂದನ್ನು ಬಿಟ್ಟು. ಇಲ್ಲಿ ಬರೆಯುತ್ತಿರುವುದು ಆಕೆ ಈಗ ಇಲ್ಲವೆಂದು. ಹೋದ ತಿಂಗಳು ತೀರಿಕೊಂಡಳೆಂದು ಮೇಸ್ತ್ರಿ ಹೇಳಿದರು. ಆಕೆಗೆ ಮೊದಲೇ ತಿಳಿದಿತ್ತೆಂಬುದು ಅವರಿಗೆ ಇನ್ನೂ ಗೊತ್ತಿಲ್ಲ. ಆವತ್ತು ಅವರು “ತಾಯಿ ಕರಳು” ಎಂದಾಗ, ಅವರ ದನಿಯಲ್ಲಿ ದಿನವಿಡೀ ಇದ್ದ ಹೆದರಿಕೆ ಮೊದಲ ಸಲ ಇಳಿದಿತ್ತು. ಅದನ್ನು ಕೇಳಿಕೊಂಡು ನಾನು, “ಹೌದು, ತಾಯಿಗೆ ಗೊತ್ತಾಗುತ್ತೆ,” ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದೆ.